ಕೆಂಪು ನಲ್ಲಿ ತೆರೆಯಿರಿ, ನನ್ನ ಬಟ್ಟೆ ಕೊಳೆಯಾಗಲಿ

ನಗರದ ಬೀದಿ ಹೈಡ್ರಂಟುಗಳ ತಪಾಸಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ, ಈ ದಿನಪತ್ರಿಕೆಯ ಮೂಲಕ,

ಮಾನ್ಯರೇ,

ಬೆಂಕಿ ಬಿದ್ದಾಗ ನೀರು ಕೊಡಬೇಕಾದ ಈ ಊರಿನ ಹೈಡ್ರಂಟುಗಳಿಂದ ಒಂದು ಚೊಂಬು ನೀರನ್ನೂ ಹೊರಗೆ ಬಿಟ್ಟು ನೋಡದೆ, ಅವುಗಳಲ್ಲಿ ನೀರು ಧಾರಾಳವಾಗಿ ಬರುತ್ತದೆ ಎಂದು ನಿಮ್ಮ ವಿಭಾಗ ಹನ್ನೊಂದು ವರ್ಷಗಳಿಂದ ಪ್ರಮಾಣಪತ್ರ ಕೊಡುತ್ತಾ ಬಂದಿದೆ. ನನ್ನ ದೂರು ಇಷ್ಟೇ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಪತ್ರಿಕೆಯನ್ನು ಇಲ್ಲಿಗೇ ಮಡಚಿಟ್ಟು, ಹೋಗಿ ಯಾವುದಾದರೂ ಒಂದು ಹೈಡ್ರಂಟನ್ನು ತೆರೆದು ನೋಡಿ. ನಾನು ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ಪುರುಸೊತ್ತಿದ್ದರೆ, ನಿಮ್ಮ ಕಚೇರಿಯಲ್ಲಿ ಅದಕ್ಕೆ ಬರವಿದ್ದಂತೆ ನನಗಂತೂ ಕಂಡಿಲ್ಲ, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಓದಿ.

ನಾನು ಲಾಂಡ್ರಿ ನಡೆಸುವವಳು. ಹಿಂದಿನ ಬೀದಿಯ ಅತಿಥಿಗೃಹದ ಹೊದಿಕೆಗಳು, ಎರಡು ಚಿಕಿತ್ಸಾಲಯಗಳ ಬಿಳಿ ಕೋಟುಗಳು, ಅಕ್ಕಪಕ್ಕದವರ ಅಂಗಿ, ಪರದೆ ಎಲ್ಲ ನನ್ನಲ್ಲಿಗೆ ಬರುತ್ತವೆ. ನನ್ನ ಅಂಗಡಿಯ ಬಾಗಿಲಿನಿಂದ ಆರು ಹೆಜ್ಜೆ ದೂರದಲ್ಲಿ ನಿಮ್ಮ ಹೈಡ್ರಂಟು ನಿಂತಿದೆ. ನಮ್ಮ ಬೀದಿಯವರು ಅದನ್ನು ಕೆಂಪು ನಲ್ಲಿ ಎನ್ನುತ್ತೇವೆ. ವರ್ಷಕ್ಕೊಮ್ಮೆ ನಿಮ್ಮ ತಪಾಸಕರು ಬಂದು, ತಂತಿ ಬ್ರಷ್ಷಿನಲ್ಲಿ ಅದರ ತುಕ್ಕು ಉಜ್ಜಿ, ಬಣ್ಣ ಬಳಿದು, ಮುಚ್ಚಳಕ್ಕೆ ಗ್ರೀಸ್ ಸವರುತ್ತಾರೆ. ನನ್ನ ಗಿರಾಕಿಗಳ ಎಷ್ಟೋ ಕೋಟುಗಳಿಗೂ ಅಷ್ಟು ಉಪಚಾರ ಸಿಗುವುದಿಲ್ಲ. ಆಮೇಲೆ ನಲ್ಲಿಯ ಬಾಯಿಗೆ ಒತ್ತಡ ಅಳೆಯುವ ಒಂದು ಗೇಜು ಕೂರಿಸಿ ವಾಲ್ವ್ ತಿರುಗಿಸುತ್ತಾರೆ. ಮುಳ್ಳು ಎದ್ದು ಐದರ ಮೇಲೆ ನಿಲ್ಲುತ್ತದೆ. ‘ಒತ್ತಡ: ಐದು. ಸ್ಥಿತಿ: ಉತ್ತಮ’ ಎಂದು ಬರೆದ ತಗಡಿನ ಚೀಟಿಯೊಂದನ್ನು ಅದರ ಕೊರಳಿಗೆ ಕಟ್ಟಿ ಹೊರಟುಹೋಗುತ್ತಾರೆ. ನೀರು ಮಾತ್ರ ಒಂದು ಹನಿಯೂ ಹೊರಗೆ ಬರುವುದಿಲ್ಲ. ಬಾಯಿಗೆ ಗೇಜು ಬಿರಡೆ ಹಾಕಿದ ಹಾಗೆ ಕೂತಿರುವಾಗ ಹೇಗೆ ಬಂದೀತು? ಹಾಡುಗಾರನ ಬಾಯಿಗೆ ಬಟ್ಟೆ ತುರುಕಿ, ಕುತ್ತಿಗೆಯ ನರ ಉಬ್ಬಿದ್ದನ್ನು ನೋಡಿಯೇ ಅವನಿಗೆ ಬಹುಮಾನ ಕೊಟ್ಟ ಹಾಗಿದೆ ಈ ಪರೀಕ್ಷೆ.

ಇದರ ಫಲ ಏನೆಂದು ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ನಾವು ಕಣ್ಣಾರೆ ಕಂಡೆವು.

ನನ್ನ ಅಂಗಡಿಗೆ ಅಂಟಿಕೊಂಡೇ ಇನ್ನೊಂದು ಹಳೆಯ ಕಟ್ಟಡವಿದೆ. ನೆಲಮಾಳಿಗೆಯಿಂದ ಮೊದಲ ಮಹಡಿಯವರೆಗೆ ರಟ್ಟಿನ ಪೆಟ್ಟಿಗೆ ಮಾಡುವವರ ಕಾರ್ಖಾನೆ, ಎರಡರಲ್ಲಿ ಅವರದೇ ರಟ್ಟಿನ ದಾಸ್ತಾನು, ಮೂರನೇ ಮಹಡಿಯಲ್ಲಿ ನನ್ನ ಸ್ವಂತ ಅಕ್ಕ. ಮೆಟ್ಟಿಲು ಮರದ್ದು. ಅಕ್ಕನ ಮಂಡಿಗಳು ಏಳು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಿವೆ. ಅವಳು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ನನ್ನ ಲಾಂಡ್ರಿಗೆ ಬಂದ ಬಟ್ಟೆಗಳ ಗುಂಡಿ ಹೊಲಿಯುತ್ತಾಳೆ, ಬಿಟ್ಟ ಹೊಲಿಗೆ ಹಾಕುತ್ತಾಳೆ. ಬಟ್ಟೆ ಒಂದು ಬುಟ್ಟಿಯಲ್ಲಿ ಹಗ್ಗದ ಮೇಲೆ ಕಿಟಕಿಗೆ ಹೋಗುತ್ತದೆ, ರಿಪೇರಿಯಾಗಿ ಬುಟ್ಟಿಯಲ್ಲೇ ಇಳಿಯುತ್ತದೆ. ಜೊತೆಗೆ ಬೈಗುಳವೂ ಇಳಿಯುತ್ತದೆ, ಅದಕ್ಕೆ ಬುಟ್ಟಿ ಬೇಕಾಗಿಲ್ಲ. ಕೆಳಗೆ ಬಂದು ನನ್ನ ಜೊತೆ ಇರು ಎಂದರೆ, “ನಿನ್ನ ಮನೇಲಿ ಸೂಜಿಗೆ ದಾರ ಪೋಣಿಸೋಷ್ಟೂ ಬೆಳಕಿಲ್ಲ, ಬಂದು ಏನು ಮಾಡ್ಲಿ?” ಎನ್ನುತ್ತಾಳೆ.

ಆ ದಿನ ಕಾರ್ಖಾನೆಯಲ್ಲಿ ಅಂಟು ಕಾಯಿಸುವ ಪಾತ್ರೆಯಿಂದ ಬೆಂಕಿ ಎದ್ದಿತು. ರಟ್ಟಿಗೆ ಬೆಂಕಿ ಸಿಕ್ಕರೆ ಕೇಳಬೇಕೆ? ಪೆಟ್ಟಿಗೆ ಯಜಮಾನರು ಕೆಲಸದವರನ್ನೆಲ್ಲ ಹೊರಗೆ ಓಡಿಸಿ, ತಾವೂ ಕೆಮ್ಮುತ್ತಾ ಬೀದಿಗೆ ಬಂದರು. ಏಳೇ ನಿಮಿಷದಲ್ಲಿ ಅಗ್ನಿಶಾಮಕ ದಳದ ವಾಹನ ಬಂತು. ಅವರ ಬಗ್ಗೆ ನನ್ನದು ಒಂದು ಮಾತೂ ಇಲ್ಲ, ಕೈ ಮುಗಿಯುತ್ತೇನೆ. ಇಬ್ಬರು ಮುಖಕ್ಕೆ ಮುಸುಕು ಹಾಕಿಕೊಂಡು ಅಕ್ಕನನ್ನು ತರಲು ಮೆಟ್ಟಿಲು ಹತ್ತಿದರು. ಉಳಿದವರು ವಾಹನದ ಟ್ಯಾಂಕಿನಿಂದ ಮೆಟ್ಟಿಲ ಬುಡಕ್ಕೆ ನೀರು ಹೊಡೆಯುತ್ತಿದ್ದರು. ದಳದ ಮುಖ್ಯಸ್ಥರು ಕೂಗಿದರು:

“ನಮ್ಮ ನೀರು ಇನ್ನು ನಾಲ್ಕು ನಿಮಿಷ ಅಷ್ಟೇ. ಹೈಡ್ರಂಟಿಗೆ ಹೋಸು ಹಾಕ್ರಪ್ಪಾ ಬೇಗ!”

ಹಾಕಿದರು. ಕೆಂಪು ನಲ್ಲಿ ಒಂದು ಸಲ ಜೋರಾಗಿ ಕೆಮ್ಮಿ ಕಂದು ನೀರು ಉಗುಳಿತು. ಅಷ್ಟೇ. ದಪ್ಪ ಹೋಸು ಪೈಪು ಉಬ್ಬಲೇ ಇಲ್ಲ, ಇಸ್ತ್ರಿ ಮಾಡಿದ ಪಟ್ಟಿಯ ಹಾಗೆ ಬೀದಿಯಲ್ಲಿ ಚಪ್ಪಟೆಯಾಗಿ ಮಲಗಿತ್ತು.

“ಪೂರ್ತಿ ತಿರುಗಿಸಿದೀಯೇನಯ್ಯಾ?”

“ಪೂರ್ತಿ ತಿರುಗಿಸಿದೀನಿ ಸಾರ್. ಇನ್ನೂ ತಿರುಗಿಸಿದ್ರೆ ಕೈಗೇ ಬರುತ್ತೆ.”

“ಚೀಟೀಲಿ ಉತ್ತಮ ಅಂತ ಇದೆಯಲ್ಲೋ!”

“ಚೀಟಿ ಉತ್ತಮವಾಗೇ ಇದೆ ಸಾರ್. ನೀರಿಲ್ಲ.”

ಈಗ ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ. ಹೊಗೆಯಲ್ಲಿ ಅಕ್ಕನ ಕಿಟಕಿ ಕಾಣದಾಗಿತ್ತು, ಮೇಲೆ ಹೋದ ಇಬ್ಬರೂ ಇನ್ನೂ ಇಳಿದಿರಲಿಲ್ಲ. ಬಾಯಿಗೆ ಏನು ಬಂತೋ ಅದನ್ನು ಕೂಗಿದೆ: “ಹಿತ್ತಲಲ್ಲಿ ನನ್ನ ತೊಟ್ಟಿ ಇದೆ, ಬಟ್ಟೆ ಜಾಲಿಸೋದು! ನಾಲ್ಕು ಸಾವಿರ ಲೀಟರು! ಈಗ ತಾನೇ ತುಂಬಿಸಿದೀನಿ!” ಅವರು ಇನ್ನೊಂದು ಹೋಸು ಎಳೆದುಕೊಂಡು ನನ್ನ ಅಂಗಡಿಯೊಳಗೇ ನುಗ್ಗಿ, ಇಸ್ತ್ರಿ ಮೇಜು ದಾಟಿ, ಅದನ್ನು ತೊಟ್ಟಿಗೆ ಇಳಿಸಿದರು. ಇಳಿಸಿದ ಮನುಷ್ಯ ಮೂಗರಳಿಸಿ ಕೇಳಿದ:

“ಅಮ್ಮಾ, ಈ ನೀರಲ್ಲಿ ಏನು ಹಾಕಿದೀರಾ?”

“ಬಟ್ಟೆ ಮೆತ್ತಗಾಗಲಿ ಅಂತ ಹಾಕ್ತೀವಲ್ಲಪ್ಪ, ಅದು. ಘಮಘಮ ಅನ್ನೋದು.”

“ಬೆಂಕೀನೂ ಮೆತ್ತಗಾಗುತ್ತಾ?”

“ಹಾಕಿ ನೋಡು!”

ಮೆತ್ತಗಾಯಿತು. ಇಡೀ ಬೀದಿಗೆ ಒಗೆದ ಹೊದಿಕೆಯ ಪರಿಮಳ ಹಬ್ಬಿಸುತ್ತಾ ಆ ಬೆಂಕಿ ಆರಿತು. ಅಕ್ಕ ಕುರ್ಚಿಯ ಸಮೇತ ಇಳಿದು ಬಂದಳು. ಮುಖವೆಲ್ಲ ಮಸಿ, ತೊಡೆಯ ಮೇಲೆ ವೈದ್ಯರ ಕೋಟು. “ನಿಧಾನ ಕಣ್ರಪ್ಪಾ, ಇದರಲ್ಲಿ ಸೂಜಿ ಇದೆ” ಎಂದು ಹೊತ್ತವರಿಗೇ ಎಚ್ಚರಿಕೆ ಕೊಡುತ್ತಿದ್ದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ತೊಟ್ಟಿಯಲ್ಲಿ ಉಳಿದಿದ್ದು ಮೊಣಕಾಲುದ್ದ ನೀರು. ಒಂದು ಗಂಟೆ ಮುಂಚೆ ಬೆಂಕಿ ಬಿದ್ದಿದ್ದರೆ ತೊಟ್ಟಿ ಖಾಲಿ ಇರುತ್ತಿತ್ತು. ಈ ಮಾತನ್ನು ನಾನು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತೇನೆ. ನೀವೂ ಒಂದು ಸಲ ನೆನೆಸಿಕೊಳ್ಳಿ.

ಮೂರನೆಯ ದಿನ ನಿಮ್ಮ ತಪಾಸಕರು ಬಂದರು. ಈಗಲಾದರೂ ಕಣ್ಣು ತೆರೆಯಿತು ಅಂದುಕೊಂಡೆ. ಅವರು ಗೇಜು ತಿರುಗಿಸಿ ಕೂರಿಸಿದರು. ಮುಳ್ಳು ಐದಕ್ಕೆ ಹೋಯಿತು. ಹೊಸ ಚೀಟಿ ತೆಗೆದು ‘ಉತ್ತಮ’ ಎಂದು ಬರೆಯತೊಡಗಿದರು.

“ಅಲ್ಲಪ್ಪಾ, ಮೊನ್ನೆ ಇದರಲ್ಲಿ ನೀರೇ ಬರಲಿಲ್ಲ” ಎಂದೆ.

“ಮುಳ್ಳು ಸುಳ್ಳು ಹೇಳಲ್ಲಮ್ಮ.”

“ಹಾಗಾದ್ರೆ ಬಿಟ್ಟು ತೋರಿಸಿ.”

“ಬಿಡೋ ಹಾಗಿಲ್ಲ. ಸುತ್ತೋಲೆ ಇದೆ. ಯಾರೋ ಬಟ್ಟೆ ಒಗೆಯೋರು ಹಿಂದೆ ದೊಡ್ಡ ಗಲಾಟೆ ಮಾಡಿದ್ರಂತೆ.”

ಈ ಊರಿನಲ್ಲಿ ಬಟ್ಟೆ ಒಗೆಯುವವರು ಬಹಳ ಜನ ಇರಬಹುದು. ನಿಮ್ಮ ಕಚೇರಿಯಲ್ಲಿ ದೊಡ್ಡ ಗಲಾಟೆ ಮಾಡಿದವರು ಎಷ್ಟು ಜನ ಇದ್ದಾರು? ಅವರು ಫೋನಿನಲ್ಲಿ ಸುತ್ತೋಲೆ ತೋರಿಸಿದರು. ‘ಸಾರ್ವಜನಿಕರೊಬ್ಬರ ಅಮೂಲ್ಯ ಸಲಹೆಯನ್ನು ಪರಿಗಣಿಸಿ, ಇನ್ನು ಮುಂದೆ ನಗರದ ಎಲ್ಲಾ ಹೈಡ್ರಂಟುಗಳ ಪರೀಕ್ಷೆಯನ್ನು ನೀರನ್ನು ಹೊರಬಿಡದೆಯೇ ಕೈಗೊಳ್ಳತಕ್ಕದ್ದು.’ ಕೆಳಗೆ ಸಲಹೆ ಕೊಟ್ಟವರ ಬೀದಿ, ಅಂಗಡಿ. ಓದಿ ನಾನು ನನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಹೌದು ಮಾನ್ಯರೇ, ಆ ಮಹಾತಾಯಿ ನಾನೇ.

ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಪರೀಕ್ಷೆ ಬೇರೆ ಥರ ನಡೆಯುತ್ತಿತ್ತು. ಇಬ್ಬರು ಬರುತ್ತಿದ್ದರು. ಒಬ್ಬರು ನಮ್ಮ ಕೆಂಪು ನಲ್ಲಿಗೆ ಗೇಜು ಹಾಕಿ ನಿಲ್ಲುವುದು, ಇನ್ನೊಬ್ಬರು ಬೀದಿಯ ಆ ತುದಿಯ ಹೈಡ್ರಂಟನ್ನು ಪೂರ್ತಿ ತೆರೆದು ನೀರು ಹರಿಯಬಿಡುವುದು. ನೀರು ನಿಂತಿದ್ದಾಗ ಒತ್ತಡ ಎಷ್ಟು, ಹರಿಯುವಾಗ ಎಷ್ಟಕ್ಕೆ ಇಳಿಯಿತು, ನಿಮಿಷಕ್ಕೆ ಎಷ್ಟು ನೀರು ಬಂತು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೂಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ನಲ್ಲಿ ಬದಲಿಸಿ ಇನ್ನೊಂದು ಸಲ. ಹಾಗೆ ನಮ್ಮ ಕೆಂಪು ನಲ್ಲಿಯ ಸರದಿ ಬಂದ ಒಂದು ಬೆಳಿಗ್ಗೆ ನಾನು ಅತಿಥಿಗೃಹದ ನಲವತ್ತು ಬಿಳಿ ಹೊದಿಕೆಗಳನ್ನು ಅಂಗಡಿಯ ಮುಂದೆ ಒಣಹಾಕಿದ್ದೆ. ಪೈಪಿನ ತಳದ ತುಕ್ಕೆಲ್ಲ ಎದ್ದು, ಚಹಾದ ಬಣ್ಣದ ನೀರು ನಲವತ್ತಕ್ಕೂ ಸಿಡಿಯಿತು. ನನ್ನ ಪಿತ್ತ ನೆತ್ತಿಗೇರಿತು. ಒಂದು ಒದ್ದೆ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡೇ ನಿಮ್ಮ ಕಚೇರಿಗೆ ಹೋಗಿ, ಅಲ್ಲೇ ನಿಂತು ಮೂರು ಹಾಳೆ ದೂರು ಬರೆದೆ. ಕೊನೆಯಲ್ಲಿ ಕೇಳಿದೆ: ‘ನೀರು ಬಿಡದೆಯೇ ನೀರಿನ ಪರೀಕ್ಷೆ ಮಾಡುವ ಉಪಾಯ ನಿಮ್ಮಂಥ ಬುದ್ಧಿವಂತರಿಗೆ ಇನ್ನೂ ಹೊಳೆದಿಲ್ಲವೇ?’

ಅದು ಕುಹಕ. ಬೀದಿಯಲ್ಲಿ ಯಾರನ್ನು ಕೇಳಿದರೂ ಅದು ಕುಹಕ ಎಂದು ಹೇಳುತ್ತಾರೆ. ನಿಮ್ಮ ಕಚೇರಿ ಮಾತ್ರ ಅದನ್ನು ಅಮೂಲ್ಯ ಸಲಹೆ ಎಂದು ಓದಿತು. ಬೀದಿ ದೀಪಕ್ಕೆ ಒಂಬತ್ತು ಅರ್ಜಿ ಕೊಟ್ಟಿದ್ದೇನೆ, ಉತ್ತರವಿಲ್ಲ. ಚರಂಡಿಯ ಕಲ್ಲಿಗೆ ನಾಲ್ಕು ಕೊಟ್ಟಿದ್ದೇನೆ, ಅದೂ ಇಲ್ಲ. ಸಿಟ್ಟಿನಲ್ಲಿ ಆಡಿದ ಒಂದೇ ಒಂದು ವಕ್ರ ಮಾತನ್ನು ಮಾತ್ರ ನೀವು ಇಡೀ ಊರಿಗೆ ಕಾನೂನು ಮಾಡಿಬಿಟ್ಟಿರಿ. ಇಷ್ಟು ವಿಧೇಯತೆಯನ್ನು ನಾನು ನನ್ನ ಗಂಡನಲ್ಲೂ ಕಂಡವಳಲ್ಲ.

ಆ ಬೆಳಿಗ್ಗೆ ನಲ್ಲಿ ತೆರೆದು ನನ್ನಿಂದ ಹೊಟ್ಟೆ ತುಂಬ ಬೈಸಿಕೊಂಡವರು ಈಗ ನಿವೃತ್ತರು. ಬೀದಿಯವರು ಅವರನ್ನು ಗೇಜಣ್ಣ ಎನ್ನುತ್ತಾರೆ. ವಾರಕ್ಕೆ ಎರಡು ಅಂಗಿ ತಂದು ಕೊಡುತ್ತಾರೆ. ಸುತ್ತೋಲೆ ನೋಡಿದ ದಿನವೇ ಅವರನ್ನು ಹಿಡಿದು ನಿಲ್ಲಿಸಿದೆ.

“ಗೇಜಣ್ಣ, ಇದು ನನ್ನಿಂದ ಆಗಿದ್ದು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಕಾಲರಿಗೆ ಇಸ್ತ್ರಿ ಬಹಳ ಚೆನ್ನಾಗಿ ಹಾಕ್ತೀರಮ್ಮ” ಎಂದರು ಆ ಪುಣ್ಯಾತ್ಮರು.

ಆಮೇಲೆ ಅಂಗಡಿಯ ನಲ್ಲಿಯ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ಅದಕ್ಕೆ ನೀರು ಬರುವ ಗೋಡೆಯ ವಾಲ್ವನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಿದರು. ನಲ್ಲಿ ತಿರುಗಿಸಿ, ಅದರ ಬಾಯಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿಯಲು ಹೇಳಿದರು. ಸ್ವಲ್ಪ ಹೊತ್ತಿಗೆ ನೀರು ಬೆರಳನ್ನು ತಳ್ಳತೊಡಗಿತು.

“ತಳ್ತಾ ಇದೆಯಾ?”

“ಜೋರಾಗೇ ತಳ್ತಾ ಇದೆ.”

“ಇದು ಐದು. ಉತ್ತಮ. ಈಗ ಬೆರಳು ತೆಗೀರಿ.”

ತೆಗೆದೆ. ಒಂದು ಸಲ ಚಿಮ್ಮಿ, ಆಮೇಲೆ ದಾರದಷ್ಟು ಸಣ್ಣಗೆ ಸುರಿಯಿತು.

“ಇದು ನಿಮ್ಮ ಬೆಂಕಿ ಬಿದ್ದ ದಿನ” ಎಂದರು ಗೇಜಣ್ಣ. “ನಿಂತ ನೀರಿನ ಒತ್ತಡ ನೋಡಿದ್ರೆ ದಾರಿ ಎಷ್ಟು ಕಟ್ಟಿಕೊಂಡಿದೆ ಅಂತ ಗೊತ್ತಾಗಲ್ಲ. ಹರಿಸಿದಾಗ್ಲೇ ಮುಳ್ಳು ಬೀಳೋದು. ಎಲ್ಲೋ ಒಂದು ವಾಲ್ವು ಅರ್ಧ ಮುಚ್ಚಿರಬಹುದು, ಇಲ್ಲಾ ಪೈಪೊಳಗೆ ತುಕ್ಕು ಬೆಳೆದಿರಬಹುದು. ನೀರು ಬಿಡದೆ ಆ ಬ್ರಹ್ಮನಿಗೂ ಹೇಳೋಕಾಗಲ್ಲ.”

ಲಾಂಡ್ರಿಯವಳಿಗೆ ಒಂದು ಹೆಬ್ಬೆರಳಿನಲ್ಲಿ ಎರಡು ನಿಮಿಷಕ್ಕೆ ಅರ್ಥವಾದದ್ದು, ಹನ್ನೊಂದು ವರ್ಷದಲ್ಲಿ ನಿಮ್ಮ ಕಚೇರಿಯ ಯಾರ ತಲೆಗೂ ಹೋಗಲಿಲ್ಲವೇ? ಹೋಗಿದ್ದರೂ ಸುತ್ತೋಲೆಯ ಮುಂದೆ ಬಾಯಿ ಮುಚ್ಚಿಕೊಂಡು ಕುಳಿತರೇ? ಎರಡರಲ್ಲಿ ಯಾವುದು ಕಡಿಮೆ ನಾಚಿಕೆಗೇಡು ಎಂದು ನೀವೇ ಆರಿಸಿಕೊಳ್ಳಿ.

ಮಾಡಿದ್ದನ್ನು ನಾನೇ ಸರಿಪಡಿಸೋಣ ಎಂದು ಮರುದಿನ ಅಂಗಡಿಗೆ ಬೀಗ ಹಾಕಿ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ದೂರು ವಿಭಾಗದ ಗುಮಾಸ್ತರಿಗೆ ನನ್ನ ಹಳೆಯ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೇಳಿದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ, ಮುಖ ಅರಳಿಸಿದರು.

“ಇದು ಪರಿಹಾರ ಆಗಿದೆಯಲ್ಲಮ್ಮ!”

“ಆಗಿದೆ. ಆ ಪರಿಹಾರವೇ ಈಗ ತೊಂದರೆ.”

“ಪರಿಹಾರ ಆದ ದೂರನ್ನ ವಾಪಸ್ ತಗೊಳ್ಳೋಕೆ ಬರಲ್ಲ. ಬಾಕಿ ಇದ್ರೆ ತಗೋಬಹುದಿತ್ತು.”

“ಹಾಗಾದ್ರೆ ಬೀದಿ ದೀಪದ ಒಂಬತ್ತೂ ಬಾಕಿ ಇವೆ. ಅದರಲ್ಲಿ ಒಂದನ್ನ ತಗೊಂಡು ಇದನ್ನ ಕೊಡ್ತೀರಾ?”

ಅವರಿಗೆ ನಗು ಬಂತು. ಒಳ್ಳೆಯ ಮನುಷ್ಯ. ದನಿ ತಗ್ಗಿಸಿ ಉಪಾಯ ಹೇಳಿಕೊಟ್ಟರು: “ಆವತ್ತು ಕೊಟ್ಟಿದ್ದು ಸುಳ್ಳು ದೂರು ಅಂತ ಬರ್ಕೊಡಿ. ಆಗ ಫೈಲು ತೆರೆಯುತ್ತೆ.” ಆದರೆ ಅದು ಸುಳ್ಳಲ್ಲವಲ್ಲ ಮಾನ್ಯರೇ! ನಲವತ್ತು ಹೊದಿಕೆ ನಿಜವಾಗಿಯೂ ಹಾಳಾಗಿದ್ದವು. ನೀವು ಮಾಡಬೇಕಾಗಿದ್ದದ್ದು ಒಂದೇ ಕೆಲಸ, ನೀರು ಬಿಡುವ ಹಿಂದಿನ ದಿನ ಬೀದಿಗೆ ಒಂದು ಮಾತು ತಿಳಿಸುವುದು. ‘ಅಮ್ಮಾ, ನಾಳೆ ಬಟ್ಟೆ ಒಣಹಾಕಬೇಡಿ’ ಎನ್ನಲು ಎಷ್ಟು ಉಸಿರು ಬೇಕು? ಅಷ್ಟು ಉಸಿರು ಉಳಿಸಲು ಹೋಗಿ ಇಡೀ ಊರಿನ ಉಸಿರನ್ನು ಪಣಕ್ಕಿಟ್ಟಿರಿ.

ನೀರು ಪೋಲಾಗುತ್ತದೆ ಎಂದು ನೀವು ಹೇಳಬಹುದು. ಆ ಕಂದು ನೀರನ್ನು ಉದ್ಯಾನದ ಮರಗಳಿಗೆ ಹರಿಸಿ, ಅವಕ್ಕೆ ಬಿಳಿ ಬಟ್ಟೆಯಿಲ್ಲ. ಸಿಬ್ಬಂದಿ ಸಾಲದು ಎಂದರೆ ಗೇಜಣ್ಣ ಸಿದ್ಧರಿದ್ದಾರೆ. ಕೂಗಿ ಲೆಕ್ಕ ಹೇಳುವವರು ಬೇಕಾದರೆ ನನ್ನ ಅಕ್ಕನನ್ನು ಮೂರನೇ ಮಹಡಿಯ ಕಿಟಕಿಯಲ್ಲೇ ಬಳಸಿಕೊಳ್ಳಬಹುದು, ಅವಳ ಧ್ವನಿ ಎರಡು ಬೀದಿ ದಾಟುತ್ತದೆ.

ಇನ್ನು ನನ್ನ ಬೇಡಿಕೆ. ನಿಮ್ಮ ಕಚೇರಿಯ ಓದುವ ಶಕ್ತಿಯನ್ನು ಒಂದು ಸಲ ಕಂಡಿರುವುದರಿಂದ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಮೇಲೆ ಬರೆದದ್ದರಲ್ಲಿ ಅಲ್ಲಲ್ಲಿ ಕುಹಕವಿದೆ, ಇಲ್ಲಿಂದ ಮುಂದೆ ಇಲ್ಲ. ದಯವಿಟ್ಟು ಈ ಭಾಗವನ್ನು ಅಕ್ಷರಶಃ ಪಾಲಿಸಿ. ಆ ಸುತ್ತೋಲೆಯನ್ನು ಇವತ್ತೇ ರದ್ದು ಮಾಡಿ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಬೀದಿಗೆ ಇಬ್ಬರನ್ನು ಕಳಿಸಿ, ಹಳೆಯ ಕ್ರಮದಲ್ಲಿ ಕೆಂಪು ನಲ್ಲಿಯನ್ನು ಪೂರ್ತಿ ತೆರೆದು ಅಳೆಯಿರಿ. ಕಟ್ಟಿಕೊಂಡದ್ದು ಎಲ್ಲಿ ಎಂದು ಹುಡುಕಿ ಸರಿ ಮಾಡುವವರೆಗೆ ಅದರ ಕೊರಳಿನ ‘ಉತ್ತಮ’ವನ್ನು ಬಿಚ್ಚಿಡಿ, ಯಾಕೆಂದರೆ ಅದನ್ನು ನಂಬುವವರು ಬೆಂಕಿಯೊಳಗೆ ಹೋಗುತ್ತಾರೆ. ಆಮೇಲೆ ಊರಿನ ಉಳಿದ ಬೀದಿಗಳಿಗೂ ಹೋಗಿ, ಅಲ್ಲೆಲ್ಲ ಪಕ್ಕದಲ್ಲಿ ಲಾಂಡ್ರಿಯ ತೊಟ್ಟಿ ಇರುವುದಿಲ್ಲ. ನಮ್ಮ ಬೀದಿಯ ಹದಿನೇಳು ಮನೆಯವರೂ ಸೋಮವಾರ ಬಟ್ಟೆ ಒಣಹಾಕುವುದಿಲ್ಲ ಎಂದು ಸಹಿ ಮಾಡಿದ್ದಾರೆ. ಯಾರದಾದರೂ ಮರೆತು ಕೊಳೆಯಾದರೆ ನಾನು ಪುಕ್ಕಟೆ ಒಗೆದುಕೊಡುತ್ತೇನೆ.

ಸೋಮವಾರ ಎಂದದ್ದಕ್ಕೆ ಕಾರಣವಿದೆ. ಪೆಟ್ಟಿಗೆ ಯಜಮಾನರು ಸುಟ್ಟ ಗೋಡೆಗೆ ಸುಣ್ಣ ಬಳಿಸಿ, ಮಂಗಳವಾರದಿಂದ ಮತ್ತೆ ಅಂಟು ಕಾಯಿಸಲಿದ್ದಾರೆ. ಅಕ್ಕ ಆಗಲೇ ಕುರ್ಚಿಯಲ್ಲಿ ಹೊರಿಸಿಕೊಂಡು ಮೂರನೇ ಮಹಡಿಗೆ ಹೋಗಿ ಕುಳಿತಿದ್ದಾಳೆ. ಎಷ್ಟು ಹೇಳಿದರೂ ಕೇಳಲಿಲ್ಲ. ಕೆಂಪು ನಲ್ಲಿ ಯಾಕೆ ಕೈ ಕೊಟ್ಟಿತು ಎಂದು ಅವಳು ಕೇಳಿದಾಗ, “ಆಫೀಸಿನೋರು ನೀರು ಬಿಡದೆ ಟೆಸ್ಟ್ ಮಾಡ್ತಾರಂತೆ” ಎಂದಷ್ಟೇ ಹೇಳಿದೆ. “ಯಾವ ದರಿದ್ರ ತಲೆಗೆ ಹೊಳೆಯಿತೇ ಇದು? ನನ್ನ ಮುಂದೆ ತಂದು ನಿಲ್ಲಿಸು ಒಂದು ಸಲ” ಎಂದಳು. ನಾನು ಅವಳ ಮುಂದೆಯೇ ನಿಂತಿದ್ದೆ. ಕೋಟಿನ ಬುಟ್ಟಿ ಇಟ್ಟು ಇಳಿದು ಬಂದೆ.

ಅಕ್ಕ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಸಾಲೂ ಬಿಡದೆ ಓದುವವಳು. ನೀವು ಇದನ್ನು ಓದುವ ಹೊತ್ತಿಗೆ ಅವಳೂ ಓದಿರುತ್ತಾಳೆ, ನಾನು ಮೂರು ಮಹಡಿ ಹತ್ತಿ ಅವಳ ಎದುರು ನಿಂತಿರುತ್ತೇನೆ. ನೀವು ಕೆಂಪು ನಲ್ಲಿಯ ಎದುರು ನಿಂತರೆ ಸಾಕು. ಇಬ್ಬರಲ್ಲಿ ನಿಮ್ಮ ಕೆಲಸವೇ ಸುಲಭದ್ದು.

ಇಂತಿ,
ನಿಮ್ಮ ಕಚೇರಿ ಇದುವರೆಗೆ ಮಾತು ಕೇಳಿದ ಏಕೈಕ ದೂರುದಾರಳು
(ಕೆಂಪು ನಲ್ಲಿಯ ಎದುರಿನ ಲಾಂಡ್ರಿ)